ನಿಲ್ಲಿಸಿದ ಗಾಡಿ ನಿಂತೇ ಇದೆಯಾ?

ಗುಂಡಿ ಅಜ್ಜನಿಗೆ ಈಚೆಗೆ ತನ್ನ ತಲೆಯ ಮೇಲೆಯೇ ಅನುಮಾನ ಶುರುವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಮಗನ ಲಾಂಡ್ರಿಯ ಅಂಗಳದಲ್ಲಿ ನಿಲ್ಲಿಸಿದ ವ್ಯಾನು, ಯಾರೂ ಮುಟ್ಟದೆ, ಮಧ್ಯಾಹ್ನದ ಹೊತ್ತು ತನ್ನ ಹತ್ತಿರ ಹತ್ತಿರ ಬರುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು.

ಲಾಂಡ್ರಿ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಒಳಗೆ ಬಟ್ಟೆ ತೊಳೆಯುವ ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಹೊರಗೆ ಸಿಮೆಂಟಿನ ಅಂಗಳ. ಹೋಟೆಲು, ಆಸ್ಪತ್ರೆ, ಹಾಸ್ಟೆಲುಗಳ ಚಾದರ, ದಿಂಬಿನ ಚೀಲಗಳೆಲ್ಲ ಇಲ್ಲಿಗೆ ಬರುತ್ತವೆ. ಇಲ್ಲಿ ತೊಳೆದು, ಹಿಂಡಿ, ಹಸಿಯಾಗಿಯೇ ಗಂಟು ಕಟ್ಟಿ, ವ್ಯಾನಿಗೆ ತುಂಬಿ, ಒಣಗಿಸುವ ಬಯಲಿಗೆ ಒಯ್ಯಬೇಕು. ಒದ್ದೆ ಬಟ್ಟೆಯ ಗಂಟಿನ ಭಾರ ಅದನ್ನು ಎತ್ತಿದ ಸೊಂಟಕ್ಕೇ ಗೊತ್ತು.

ಮಗ ವ್ಯಾನನ್ನು ಗೇಟಿನಿಂದ ಹಿಂದಕ್ಕೆ ತೆಗೆದುಕೊಂಡು ಬಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದ. ಮೂತಿ ರಸ್ತೆಯ ಕಡೆಗೆ, ಹಿಂಭಾಗ ಕಾಂಪೌಂಡು ಗೋಡೆಯ ಕಡೆಗೆ. ವ್ಯಾನಿನ ಪಕ್ಕದ ಬಾಗಿಲು ಅಂಗಡಿಯ ಬಾಗಿಲಿಗೆ ಸರಿಯಾಗಿ ಎದುರಾಗಬೇಕು, ಯಾಕೆಂದರೆ ಎರಡರ ನಡುವೆ ಒಂದು ಹಲಗೆ ಇಟ್ಟು ಅದರ ಮೇಲೆ ಗಂಟುಗಳನ್ನು ಜಾರಿಸುತ್ತಿದ್ದರು. ವ್ಯಾನಿನ ಹಿಂಭಾಗಕ್ಕೂ ಗೋಡೆಗೂ ನಡುವೆ ಮಧ್ಯಾಹ್ನ ಒಳ್ಳೆಯ ನೆರಳು ಬೀಳುತ್ತಿತ್ತು. ಆ ನೆರಳಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಸ್ಟೂಲಿನ ಮೇಲೆ ಕೂತು ಅಜ್ಜ ಹರಿದದ್ದನ್ನು ಹೊಲಿಯುತ್ತಿದ್ದ, ಕಿತ್ತ ಗುಂಡಿ ಹಾಕುತ್ತಿದ್ದ. ಹರೆಯದಿಂದಲೂ ದರ್ಜಿ. ಕತ್ತರಿ ಹಿಡಿಯಲು ಈಗ ಬೆರಳು ಕೇಳದಿದ್ದರೂ ಸೂಜಿಗೆ ಇನ್ನೂ ಸೋತಿರಲಿಲ್ಲ. ಬೀದಿಯವರು ಅವನನ್ನು ಗುಂಡಿ ಅಜ್ಜ ಅಂತಲೇ ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಅಜ್ಜ ಸೊಸೆಯನ್ನು ಕರೆದ.

"ಅಮ್ಮಾ, ಸ್ವಲ್ಪ ಇಲ್ಲಿ ಬಾ. ಈ ಗಾಡಿ ಆಗಲೇ ಇಷ್ಟು ಹತ್ತಿರ ಇತ್ತಾ?"

ಸೊಸೆ ಒದ್ದೆ ಕೈ ಒರೆಸಿಕೊಂಡು ಬಂದು ನೋಡಿದಳು. ವ್ಯಾನನ್ನು ನೋಡಿದಳು, ಮಾವನನ್ನು ನೋಡಿದಳು. ಇತ್ತೋ ಇರಲಿಲ್ಲವೋ ಅವಳಿಗೂ ತಿಳಿಯಲಿಲ್ಲ. ಗಾಡಿ ಎಲ್ಲಿ ನಿಂತಿದೆ ಎಂದು ಯಾರು ಗುರುತು ಇಟ್ಟುಕೊಂಡಿರುತ್ತಾರೆ?

"ಇತ್ತೇನೋ ಮಾವ. ನೀವೇ ಸ್ಟೂಲು ಮುಂದೆ ಎಳ್ಕೊಂಡ್ರೇನೋ."

"ನನ್ನ ಬೆನ್ನು ಗೋಡೆಗೇ ಇದೆಯಲ್ಲಮ್ಮ."

ಅದೂ ನಿಜ. ಸೊಸೆ ಗಲ್ಲದ ಮೇಲೆ ಕೈಯಿಟ್ಟು ನಿಂತಳು. ಅಷ್ಟರಲ್ಲಿ ಮಗ ಒಳಗಿನಿಂದ ಕೂಗಿದ.

"ಗಾಡಿ ಯಾರು ಸರಿಸಿದ್ದು? ಹಲಗೆ ಕೂರ್ತಾ ಇಲ್ಲ."

"ನಿಮ್ಮ ಗಾಡಿ ನಾನ್ಯಾಕೆ ಸರಿಸಲಿ?" ಎಂದಳು ಸೊಸೆ. "ಕೀಲಿ ನಿಮ್ಮ ಜೇಬಲ್ಲಿದೆ."

ಮಗ ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಇತ್ತು. ತಾನೇ ಬೆಳಿಗ್ಗೆ ಅವಸರದಲ್ಲಿ ವಾರೆಯಾಗಿ ನಿಲ್ಲಿಸಿರಬೇಕು ಎಂದುಕೊಂಡ. ಅಜ್ಜ ತನ್ನ ಮಾತು ಹೇಳಿದಾಗ ಮಗ ನಕ್ಕುಬಿಟ್ಟ.

"ಅಪ್ಪಾ, ಹೊತ್ತು ಇಳಿದ ಹಾಗೆ ನೆರಳು ಉದ್ದ ಆಗುತ್ತೆ. ಅದಕ್ಕೆ ಹತ್ತಿರ ಬಂದ ಹಾಗೆ ಕಾಣುತ್ತೆ."

"ನೆರಳು ಉದ್ದ ಆಗೋದು ನನಗೂ ಗೊತ್ತು ಕಣೋ. ಗಾಡಿ ಉದ್ದ ಆಗುತ್ತಾ?"

"ಹ್ಯಾಂಡ್ ಬ್ರೇಕ್ ಎಳೆದಿದೀನಿ. ಸಿಮೆಂಟಿನ ನೆಲ, ಕೇರಂ ಬೋರ್ಡಿನ ಹಾಗೆ ಸಮ ಇದೆ. ಗಾಡಿಗೇನು ಕಾಲು ಬಂದಿದೆಯಾ ನಡೆದು ಬರೋಕೆ?"

ಅಜ್ಜ ಸ್ಟೂಲಿಗೆ ಮರಳಿದ. ಆದರೆ ಅನುಮಾನ ಹೋಗಲಿಲ್ಲ. ಮಾರನೆಯ ದಿನ ಕೊರಳಲ್ಲಿದ್ದ ಅಳತೆಯ ಟೇಪನ್ನು ತೆಗೆದು ಗೋಡೆಯಿಂದ ವ್ಯಾನಿನವರೆಗೆ ಅಳೆದ. ಆಯುಷ್ಯವಿಡೀ ಊರಿನವರ ಎದೆ ಸೊಂಟ ಅಳೆದ ಕೈ ಅದು, ತಪ್ಪುವುದುಂಟೆ? ಮಧ್ಯಾಹ್ನ ಮತ್ತೆ ಅಳೆಯಲು ಹೋದರೆ, ಬೆಳಿಗ್ಗೆ ಹಿಡಿದದ್ದು ಬಂಪರಿಗೋ ಗಾಲಿಗೋ ಎಂಬುದೇ ನೆನಪಾಗಲಿಲ್ಲ. ಬಂಪರಿಗೆ ಹಿಡಿದರೆ ಒಂದು ಲೆಕ್ಕ ಬರುತ್ತದೆ, ಗಾಲಿಗೆ ಹಿಡಿದರೆ ಇನ್ನೊಂದು. ಒಂದರಲ್ಲಿ ಗಾಡಿ ಹತ್ತಿರ ಬಂದಿತ್ತು, ಇನ್ನೊಂದರಲ್ಲಿ ದೂರ ಹೋಗಿತ್ತು. ಅಜ್ಜ ಟೇಪು ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತ.

ಇದರ ಜೊತೆಗೆ ಬೇರೆ ಕೆಲವೂ ಕೂಡಿಕೊಂಡವು. ಆ ವಾರವೇ ಅವನು ಬಿಳಿ ಶರಟಿಗೆ ನೀಲಿ ಗುಂಡಿ ಹಾಕಿದ. ಕನ್ನಡಕವನ್ನು ಗುಂಡಿ ಡಬ್ಬಿಯೊಳಗೆ ಇಟ್ಟು ಮನೆಯೆಲ್ಲ ಹುಡುಕಿಸಿದ. ಮಗನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಊಟಕ್ಕೆ ಕೂತಾಗ ಮಗ ತಟ್ಟೆ ನೋಡುತ್ತಲೇ ವಿಷಯ ತೆಗೆದ.

"ಅಪ್ಪಾ, ಮುಂದಿನ ವಾರದಿಂದ ಮನೇಲೇ ಇರು. ಅಂಗಡಿ ಸಾಕು. ಒಂದ್ಸಲ ಡಾಕ್ಟರಿಗೂ ತೋರಿಸೋಣ."

"ನನಗೇನಾಗಿದೆ?"

"ಏನೂ ಆಗಿಲ್ಲ. ವಯಸ್ಸು. ಗಾಡಿ ಓಡಾಡುತ್ತೆ ಅಂತೀಯಲ್ಲ, ಅದಕ್ಕೆ."

ಅಜ್ಜ ಎತ್ತಿದ ತುತ್ತನ್ನು ತಟ್ಟೆಗೆ ಬಿಟ್ಟ. ಅಂಗಡಿಗೆ ಹೋಗದೆ ಮನೆಯಲ್ಲಿ ಕೂತು ಏನು ಮಾಡುವುದು? ಗಡಿಯಾರ ನೋಡುವುದೆ? ಸೂಜಿ ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ. ಆದರೆ ಮಗನ ಮಾತನ್ನು ಸುಳ್ಳು ಎನ್ನುವ ಧೈರ್ಯವೂ ಬರಲಿಲ್ಲ. ಹಗಲಲ್ಲಿ ನೆಟ್ಟಗೆ ನಿಂತ ಗಾಡಿ ನಡೆಯುವುದನ್ನು ಕಂಡವನು ತಾನೊಬ್ಬನೇ.

ಅದಾದ ಎರಡು ದಿನಕ್ಕೆ ಸೊಸೆಯ ಅಕ್ಕ ಬಂದಳು. ಶಾಲೆಯ ಬಸ್ಸು ಓಡಿಸುವವಳು. ಮನೆಯವರೆಲ್ಲ ಅವಳನ್ನು ಬಸ್ಸಕ್ಕ ಎನ್ನುತ್ತಿದ್ದರು. ಬಸ್ಸಿನ ಸೀಟಿನ ಕವರುಗಳನ್ನು ತೊಳೆಯಲು ಕೊಡಬೇಕಿತ್ತು, ಬಸ್ಸು ಗೇಟಿನ ಆಚೆ ನಿಂತಿತ್ತು, ಅವಳಿಗೆ ಕೂರಲು ಪುರುಸೊತ್ತಿರಲಿಲ್ಲ. ಮಾತಿನ ನಡುವೆ ಸೊಸೆ ಮಾವನ ಸಂಗತಿ ಹೇಳಿ ನಿಟ್ಟುಸಿರು ಬಿಟ್ಟಳು. ಬಸ್ಸಕ್ಕ ನಗಲಿಲ್ಲ.

"ಗಾಲಿಗೆ ಬೆಣೆ ಕೊಡ್ತೀರಾ?" ಎಂದು ಮಗನನ್ನು ಕೇಳಿದಳು.

"ಏನು ಬೆಣೆ?"

"ಒಂದು ಕಡೆ ಇಳಿಜಾರಾಗಿ ಕೊಯ್ದ ಮರದ ತುಂಡು. ರಬ್ಬರಿಂದೂ ಸಿಗುತ್ತೆ. ನಮ್ಮ ಡಿಪೋದಲ್ಲಿ ವೀಲ್ ಚಾಕ್ ಅಂತೀವಿ. ಗಾಡಿ ನಿಲ್ಲಿಸಿ ಇಳಿದ ಮೇಲೆ ಗಾಲಿಗೆ ಒತ್ತಿ ಇಡೋದು. ಅದಿಲ್ಲದೆ ನಾನು ಬಸ್ಸು ಬಿಟ್ಟು ಹೋಗೋದೇ ಇಲ್ಲ."

"ಅಕ್ಕ, ನಿಮ್ಮದು ಬಸ್ಸು. ನನ್ನದು ಸಣ್ಣ ವ್ಯಾನು. ಹ್ಯಾಂಡ್ ಬ್ರೇಕ್ ಇರೋದು ಮತ್ಯಾಕೆ?"

"ಹ್ಯಾಂಡ್ ಬ್ರೇಕ್ ಅಂದ್ರೆ ಕೊನೆಗೆ ಒಂದು ತಂತಿ ಕಣ್ರೀ. ತಂತಿ ಸವೆಯುತ್ತೆ, ಜಗ್ಗುತ್ತೆ. ಮೇಲೆ ಭಾರ ಬಿದ್ರೆ ಇನ್ನೂ ಜಗ್ಗುತ್ತೆ. ಗೇರಲ್ಲಾದ್ರೂ ಬಿಟ್ಟಿರ್ತೀರಾ?"

"ಇಲ್ಲ. ಮರೆತು ಸ್ಟಾರ್ಟ್ ಮಾಡಿದ್ರೆ ಗಾಡಿ ಜಿಗಿಯುತ್ತೆ. ಒಂದ್ಸಲ ಹಾಗೆ ಜಿಗಿದು ಬುಟ್ಟಿ ಎಲ್ಲ ಪುಡಿಯಾಗಿತ್ತು."

ಬಸ್ಸಕ್ಕ ಹಣೆ ಒತ್ತಿಕೊಂಡಳು. "ಎರಡು ಬೆಣೆ ಮಾಡಿಸಿ. ಗಾಲಿಯ ಮುಂದೊಂದು, ಹಿಂದೊಂದು. ಮರೀಬೇಡಿ." ಅಷ್ಟು ಹೇಳಿ ಬಸ್ಸಿನತ್ತ ಓಡಿದಳು. ಶಾಲೆ ಬಿಡುವ ಹೊತ್ತಾಗಿತ್ತು.

ಮಗನಿಗೆ ಇದೆಲ್ಲ ಅತಿ ಎನಿಸಿತು. ಆದರೂ ಹೆಂಡತಿಯ ಅಕ್ಕ ಹೇಳಿದ ಮೇಲೆ ಒಂದನ್ನೂ ಮಾಡದಿದ್ದರೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಬಡಗಿಯ ಹತ್ತಿರ ಹೋಗಿ ಮರದ ಬೆಣೆ ಮಾಡಿಸಿಕೊಂಡು ಬಂದ, ಒಂದೇ ಒಂದು. ಅದನ್ನು ಇಡುವುದೆಲ್ಲಿ? ಗೇಟಿನ ಆಚೆ ರಸ್ತೆ ಇಳಿದು ಹೋಗುತ್ತಿತ್ತು, ಸೈಕಲ್ಲಿನವರು ಪೆಡಲು ತುಳಿಯದೆಯೇ ಹೋಗುತ್ತಿದ್ದರು. ಗಾಡಿ ಸರಿಯುವುದಾದರೆ ಆ ಕಡೆಗೇ ತಾನೆ ಸರಿಯಬೇಕು? ಮಗ ಬೆಣೆಯನ್ನು ಮುಂದಿನ ಗಾಲಿಯ ಮುಂದೆ, ಗೇಟಿನ ಕಡೆಗೆ, ಒತ್ತಿ ಇಟ್ಟ. ಕೈ ಕೊಡವಿಕೊಂಡು ಅಪ್ಪನನ್ನು ಕರೆದು ತೋರಿಸಿದ.

"ನೋಡಪ್ಪಾ. ಇನ್ನು ಭೂಕಂಪ ಆದ್ರೂ ಅಲ್ಲಾಡಲ್ಲ. ಸಮಾಧಾನ ಆಯ್ತಾ?"

"ಆಯ್ತು," ಎಂದ ಅಜ್ಜ. ನಿಜವಾಗಿಯೂ ಸಮಾಧಾನವಾಗಿತ್ತು. ಬೆಣೆ ಇದೆ, ಬ್ರೇಕಿದೆ. ಇನ್ನು ಗಾಡಿ ಬರುವುದಿಲ್ಲ. ಗಾಡಿ ಬರದಿದ್ದರೆ ತಾನು ಹುಚ್ಚುಚ್ಚಾಗಿ ಮಾತಾಡುವುದಿಲ್ಲ, ಮನೆಯಲ್ಲಿ ಕೂರು ಎಂದು ಯಾರೂ ಹೇಳುವುದಿಲ್ಲ.

ಆ ದಿನ ಆಸ್ಪತ್ರೆಯ ಬಟ್ಟೆಯೂ ಹೋಟೆಲಿನ ಬಟ್ಟೆಯೂ ಒಟ್ಟಿಗೆ ಬಂದಿದ್ದವು. ಗಂಟಿನ ಮೇಲೆ ಗಂಟು ವ್ಯಾನಿಗೆ ಬೀಳುತ್ತಿತ್ತು. ಅಜ್ಜ ಗೋಡೆಗೆ ಬೆನ್ನು ಕೊಟ್ಟು, ಮಡಿಲಲ್ಲಿ ನರ್ಸಮ್ಮನೊಬ್ಬಳ ಬಿಳಿ ಕೋಟು ಇಟ್ಟುಕೊಂಡು, ಸೂಜಿಗೆ ದಾರ ಪೋಣಿಸುತ್ತಿದ್ದ. ತಲೆ ಎತ್ತಿದಾಗ ಬಂಪರು ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

ಮತ್ತೆ ಶುರುವಾಯಿತಲ್ಲಪ್ಪಾ ಎಂದು ಅಜ್ಜ ಕಣ್ಣು ಮುಚ್ಚಿಕೊಂಡ. ತೆರೆದಾಗ ಬಂಪರು ಇನ್ನಷ್ಟು ಹತ್ತಿರವಿತ್ತು. ಅದರ ಮೇಲಿನ ತುಕ್ಕಿನ ಕಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನ ಕಾಲು ಏಳು ಎಂದಿತು. ಆದರೆ ಅವನು ಏಳಲಿಲ್ಲ. ಬೆಣೆ ಇದೆ. ಮಗ ಕಣ್ಣೆದುರೇ ಇಟ್ಟಿದ್ದಾನೆ. ಬೆಣೆ ಇದ್ದ ಮೇಲೆ ಗಾಡಿ ಸರಿಯುವುದಿಲ್ಲ. ಹಾಗಾದರೆ ಸರಿಯುತ್ತಿರುವುದು ತನ್ನ ತಲೆ. ಈಗ ಎದ್ದು ಓಡಿದರೆ, ನೋಡಿ, ಮುದುಕನಿಗೆ ಪೂರ್ತಿ ಹೋಯಿತು ಎನ್ನುತ್ತಾರೆ, ನಾಳೆಯಿಂದಲೇ ಮನೆಯಲ್ಲಿ ಕೂರಿಸುತ್ತಾರೆ. ಅಜ್ಜ ಹಲ್ಲು ಕಚ್ಚಿ ಸೂಜಿಯ ಕಣ್ಣನ್ನೇ ನೋಡುತ್ತ ಕೂತ. ದಾರ ಮಾತ್ರ ಒಳಗೆ ಹೋಗಲೊಲ್ಲದು.

ಅಂಗಡಿಯ ಬಾಗಿಲಲ್ಲಿ ಹಲಗೆ ಸದ್ದು ಮಾಡಿ ಕೆಳಗೆ ಬಿತ್ತು. ಸೊಸೆ ಗಂಟು ಹಿಡಿದೇ ಹೊರಗೆ ಇಣುಕಿದಳು. ವ್ಯಾನಿನ ಬಾಗಿಲು ಇರಬೇಕಾದ ಕಡೆ ಇರಲಿಲ್ಲ. ಹಿಂದಕ್ಕೆ ಕಣ್ಣು ಹಾಯಿಸಿದರೆ ಮಾವನ ಮೊಣಕಾಲಿಗೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿತ್ತು. ಗಂಟು ಎಸೆದು ಓಡಿದಳು. ಮಾವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಇಬ್ಬರೂ ಒದ್ದೆ ನೆಲದ ಮೇಲೆ ಬಿದ್ದರು. ಅವರ ಹಿಂದೆಯೇ ಸ್ಟೂಲು ಬಂಪರಿಗೂ ಗೋಡೆಗೂ ನಡುವೆ ಸಿಕ್ಕಿ ಪಟಪಟನೆ ಮುರಿಯಿತು. ವ್ಯಾನು ಗೋಡೆಗೆ ಒರಗಿ ನಿಂತಿತು.

ಮಗ ಓಡಿಬಂದ. ಅಪ್ಪನ ಕೈಕಾಲು ತಡವಿ ನೋಡಿದ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆಮೇಲೆ ಮುರಿದ ಸ್ಟೂಲು ನೋಡಿದ.

"ಗಾಡಿ ಬರೋದು ಕಾಣಲಿಲ್ವಾ ಅಪ್ಪಾ?"

"ಕಾಣ್ತಾ ಇತ್ತು."

"ಮತ್ಯಾಕೆ ಏಳಲಿಲ್ಲ?"

ಅಜ್ಜ ಗಲಿಬಿಲಿಯಿಂದ ಒಮ್ಮೆ ಮಗನನ್ನು, ಒಮ್ಮೆ ಸೊಸೆಯನ್ನು ನೋಡಿದ. "ನೀವೇ ಹೇಳಿದ್ರಲ್ಲ, ಗಾಡಿ ಸರಿಯಲ್ಲ ಅಂತ. ಬೆಣೆ ಬೇರೆ ಇತ್ತು. ನನ್ನ ತಲೇನೇ ಇರಬೇಕು ಅಂದ್ಕೊಂಡು ಸುಮ್ಮನೆ ಕೂತೆ."

ಮಗ ಅಪ್ಪನ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತು ಅವನ ಕೈ ಹಿಡಿದುಕೊಂಡ. "ತಪ್ಪಾಯ್ತಪ್ಪಾ," ಎಂದ. ಸೊಸೆ ಅಳುತ್ತಲೇ ಮಾವನ ಮೊಣಕೈ ಒರೆಸುತ್ತಿದ್ದಳು.

ಸುದ್ದಿ ಕೇಳಿ ಸಂಜೆ ಬಸ್ಸಕ್ಕ ಬಂದಳು. ಈ ಸಲ ಅವಸರ ಮಾಡಲಿಲ್ಲ. ವ್ಯಾನಿನ ಸುತ್ತ ನಡೆದಳು. ಬೆಣೆ ಮಗ ಇಟ್ಟಲ್ಲೇ ಇತ್ತು. ಗಾಲಿ ಮಾತ್ರ ಅದನ್ನು ಬಿಟ್ಟು ದೂರ ಹೋಗಿತ್ತು. ನಡುವೆ ಒಬ್ಬ ಮನುಷ್ಯ ಆರಾಮವಾಗಿ ಚಕ್ಕಳಮಕ್ಕಳ ಹಾಕಿ ಕೂರಬಹುದಿತ್ತು.

"ಮಾವ, ಇಲ್ಲಿ ನೋಡಿ," ಎಂದು ಅವಳು ಅಜ್ಜನನ್ನು ಕರೆದಳು. "ನಿಮ್ಮ ತಲೆ ಗಟ್ಟಿ ಇದೆ. ಸರಿದದ್ದು ಗಾಡೀನೇ."

ಅಜ್ಜ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ. ಟೇಪು ಬೇಕಾಗಲಿಲ್ಲ.

ಮಗನಿಗೆ ಇನ್ನೂ ಬಗೆಹರಿದಿರಲಿಲ್ಲ. "ಇಳಿಜಾರು ರಸ್ತೆ ಕಡೆಗಿದೆ, ಅಕ್ಕ. ಗಾಡಿ ಗೋಡೆ ಕಡೆಗೆ ಹೇಗೆ ಹೋಯ್ತು? ಅಂಗಳ ಸಮ ಇದೆಯಲ್ಲ."

"ಒಂದು ಬಕೆಟ್ ನೀರು ತನ್ನಿ."

ಮಗ ತಂದ. ಬಸ್ಸಕ್ಕ ಅದನ್ನು ಅಂಗಳದ ನಡುವೆ ಸುರಿದಳು. ನೀರು ಒಂದು ಕ್ಷಣ ಯೋಚಿಸಿದಂತೆ ಹರಡಿ ನಿಂತಿತು. ಆಮೇಲೆ ನೇರವಾಗಿ ಗೋಡೆಯ ಕಡೆಗೆ, ಗೋಡೆಯ ಬುಡದ ಚರಂಡಿಗೆ, ಮುರಿದ ಸ್ಟೂಲಿನ ತುಂಡುಗಳನ್ನು ಬಳಸಿಕೊಂಡು ಹರಿಯಿತು.

ಗಂಡ ಹೆಂಡತಿ ಇಬ್ಬರೂ ಬಾಯಿ ಬಿಟ್ಟು ನಿಂತರು. ಬಟ್ಟೆ ತೊಳೆದ ನೀರು ಅಂಗಳದಲ್ಲಿ ನಿಲ್ಲಬಾರದೆಂದು, ಕಟ್ಟಿಸುವಾಗ ಗಾರೆಯವನಿಗೆ ನೆಲ ಸ್ವಲ್ಪ ಇಳಿಯುವ ಹಾಗೆ ಗೋಡೆಯ ಕಡೆಗೆ ವಾಟ ಕೊಡು ಎಂದು ಹೇಳಿದವನು ಇದೇ ಮಗ. ದಿನವೂ ಸಂಜೆ ಅಂಗಳ ತೊಳೆದು ನೀರನ್ನು ಆ ಚರಂಡಿಗೆ ಬಿಡುವವಳು ಇದೇ ಸೊಸೆ. ನೀರು ಹೋಗುವ ದಾರಿಯಲ್ಲೇ ಗಾಡಿಯೂ ಹೋಗುತ್ತದೆ ಎಂಬುದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ.

"ಹ್ಯಾಂಡ್ ಬ್ರೇಕಿನ ತಂತಿ ನಾಳೆನೇ ಹೊಸದು ಹಾಕಿಸ್ತೀನಿ," ಎಂದ ಮಗ. "ಆಗ ಸಾಕಲ್ವಾ?"

"ಹಾಕಿಸಿ. ಆದ್ರೆ ಸಾಕು ಅನ್ಬೇಡಿ. ಬ್ರೇಕ್ ಗಟ್ಟಿ ಎಳೀರಿ. ಗೇರಲ್ಲಿ ಬಿಡಿ, ಸ್ಟಾರ್ಟ್ ಮಾಡೋ ಮುಂಚೆ ಕ್ಲಚ್ ತುಳಿದ್ರೆ ಯಾವ ಗಾಡಿನೂ ಜಿಗಿಯಲ್ಲ. ಆಮೇಲೆ ಬೆಣೆ. ಎರಡೂ ಕಡೆ, ಗಾಲಿಗೆ ತಾಗೋ ಹಾಗೆ. ಒಂದು ಕಡೆ ಇಟ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ."

"ಇಟ್ಟಿಗೆ ಇಟ್ರೆ ಆಗಲ್ವಾ ಅಕ್ಕ?" ಎಂದು ಸೊಸೆ ಕೇಳಿದಳು. "ಎರಡನೇದು ಮಾಡಿಸೋ ತನಕ?"

"ಇಟ್ಟಿಗೆ ಭಾರ ಬಿದ್ರೆ ಪುಡಿ ಆಗುತ್ತೆ. ದುಂಡು ಕಲ್ಲು ಜಾರುತ್ತೆ. ರಸ್ತೇಲಿ ಕಲ್ಲು ಇಟ್ಟೋರು ಹೋಗೋವಾಗ ಅಲ್ಲೇ ಬಿಟ್ಟು ಹೋಗ್ತಾರೆ, ಹಿಂದೆ ಬರೋ ಸ್ಕೂಟರಿನವರು ಅದಕ್ಕೆ ಹೊಡೆದು ಬೀಳ್ತಾರೆ. ಎರಡನೇದು ಬರೋ ತನಕ ಗಾಡೀನ ಈ ಅಂಗಳದಲ್ಲಿ ನಿಲ್ಲಿಸ್ಬೇಡಿ. ಬಂದ ಮೇಲೆ ಎರಡಕ್ಕೂ ಹಗ್ಗ ಕಟ್ಟಿ, ತುದೀನ ಡ್ರೈವರ್ ಬಾಗಿಲಿನ ಹಿಡಿಗೆ ಸಿಕ್ಕಿಸಿ. ಬಾಗಿಲು ತೆಗೆಯೋಕೆ ಹೋದ್ರೆ ಹಗ್ಗ ಕೈಗೆ ಸಿಗುತ್ತೆ, ಬೆಣೆ ತೆಗೀಬೇಕು ಅಂತ ನೆನಪಾಗುತ್ತೆ. ಮತ್ತೆ ಮಾವ, ಗಾಡಿ ಹಿಂದೆ ಕೂರೋದು ಇವತ್ತಿಗೆ ಮುಗೀತು. ಬೆಣೆ ಇದ್ರೂ ಅಷ್ಟೆ."

"ನೆರಳು ಎಲ್ಲಿ ತರಲಿ ತಾಯಿ?"

"ನಾನು ತರ್ತೀನಿ," ಎಂದ ಮಗ.

ಮಾರನೆಯ ದಿನ ಅವನು ಬ್ರೇಕಿನ ತಂತಿ ಹೊಸದು ಹಾಕಿಸಿ, ವ್ಯಾನನ್ನು ಇಳಿಜಾರು ಮುಗಿದ ಕಡೆ ಬೀದಿಯ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎರಡನೆಯ ಬೆಣೆ ಮಾಡಿಸಲು ಹೋದ. ಬರುವಾಗ ಅಂಗಡಿಯ ಬಾಗಿಲ ಪಕ್ಕಕ್ಕೆ ಕಟ್ಟಲು ಒಂದು ದಪ್ಪ ಟಾರ್ಪಾಲನ್ನೂ ತಂದ. ವ್ಯಾನು ಅಂಗಳಕ್ಕೆ ಮರಳಿದಾಗ, ಬ್ರೇಕು ಎಳೆದು, ಗೇರು ಹಾಕಿ, ಗಾಲಿಯ ಎರಡು ಕಡೆಗೂ ಬೆಣೆ ಒತ್ತಿ ಇಟ್ಟು, ಟಾರ್ಪಾಲಿನ ಕೆಳಗೆ ಕೂತಿದ್ದ ಅಪ್ಪನನ್ನು ಕೇಳಿದ.

"ಸರಿ ಇದೆಯಾ ನೋಡಪ್ಪಾ."

ಅಜ್ಜ ಎದ್ದು ಹೋಗಿ, ಬಗ್ಗಿ, ಎರಡೂ ಬೆಣೆಗಳನ್ನು ಬೆರಳಿನಿಂದ ಒತ್ತಿ ನೋಡಿದ. "ಹಿಂದಿನದು ಸ್ವಲ್ಪ ಸಡಿಲ ಇದೆ," ಎಂದ. ಮಗ ವಾದ ಮಾಡದೆ ಮಂಡಿಯೂರಿ ಅದನ್ನು ಒಳಕ್ಕೆ ಒತ್ತಿದ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮುಂದೆ, ಅಂಗಡಿಯ ಮುಂದೆ, ಗೋದಾಮಿನಲ್ಲಿ ಗಾಡಿ ನಿಲ್ಲುತ್ತದಲ್ಲ, ವ್ಯಾನೋ ಟ್ರ್ಯಾಕ್ಟರೋ ನೀರಿನ ಟ್ಯಾಂಕರೋ ಯಾವುದೇ ಇರಲಿ, ಇವತ್ತೇ ಅಲ್ಲಿ ಒಂದು ಚೊಂಬು ನೀರು ಚೆಲ್ಲಿ ನೋಡಿ. ಸಮ ಎಂದು ನಿಮ್ಮ ಕಣ್ಣು ಹೇಳುವ ನೆಲ ಎತ್ತ ವಾಲಿದೆ ಎಂದು ತಿಳಿಯುತ್ತದೆ. ಗಾಡಿಗೆ ಒಂದು ಜೊತೆ ಬೆಣೆ ಮಾಡಿಸಿ, ಗಾಡಿಯಲ್ಲೇ ಇಟ್ಟುಕೊಳ್ಳಿ. ಬ್ರೇಕು ಹಾಕಿ, ಗೇರಿನಲ್ಲಿ ಬಿಟ್ಟು, ಗಾಲಿಯ ಮುಂದೆಯೂ ಹಿಂದೆಯೂ ಬೆಣೆ ಕೊಟ್ಟ ಮೇಲೆಯೇ ಭಾರ ತುಂಬಿ, ಇಳಿಸಿ. ಗಾಡಿಯ ಹಿಂದೆ ಮುಂದೆ ಯಾರನ್ನೂ ಕೂರಲು, ಮಲಗಲು, ಆಡಲು ಬಿಡಬೇಡಿ. ಮತ್ತೆ, ನಿಮ್ಮ ಮನೆಯಲ್ಲಿ ಯಾರಾದರೂ, ಅವರು ಎಷ್ಟೇ ವಯಸ್ಸಾದವರಿರಲಿ, ಎಷ್ಟೇ ಚಿಕ್ಕವರಿರಲಿ, "ಗಾಡಿ ಸ್ವಲ್ಪ ಸರಿದ ಹಾಗಿದೆ" ಎಂದರೆ, ನಗುವ ಮೊದಲು ಎದ್ದು ಹೋಗಿ ಗಾಲಿ ನೋಡಿ ಬನ್ನಿ.